ಹಳೇ ಸ್ಟೀರಿಯೋ ಸೆಟ್: ಸ್ಪೀಕರ್ ಬದಲಾಯಿಸ್ಲಾ, ಆಂಪ್ ಬದಲಾಯಿಸ್ಲಾ?

ಹಾಸನದಲ್ಲಿ ಆಂಪ್ಲಿಫೈಯರ್ (ಸ್ಪೀಕರಿಗೆ ಶಕ್ತಿ ಕೊಡುವ ಪೆಟ್ಟಿಗೆ, ಚಿಕ್ಕದಾಗಿ ಆಂಪ್) ಬಿಚ್ಚಿಟ್ಟುಕೊಂಡು ಕೂರುವ ಹುಚ್ಚು ಇರುವವರು ಕಡಿಮೆ. ಹಾಗಾಗಿ ಸುತ್ತಮುತ್ತಲಿನ ಹಳೇ ಸ್ಟೀರಿಯೋಗಳ ಕಷ್ಟಸುಖವೆಲ್ಲ ನನ್ನ ಫೋನಿಗೆ ಬರುತ್ತದೆ. ಸಕಲೇಶಪುರದ ಪ್ಲಾಂಟರು, ಅರಸೀಕೆರೆಯ ಡಾಕ್ಟರು, ಊರಲ್ಲೇ ಇರುವ ನಿವೃತ್ತ ಮೇಷ್ಟ್ರು, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು. "ಇಪ್ಪತ್ತೈದು ವರ್ಷದ ಹಿಂದೆ ಕೈ ಸುಡುವಷ್ಟು ದುಡ್ಡು ಕೊಟ್ಟು ತಗೊಂಡಿದ್ದು. ಈಗ ಯಾಕೋ ಮಜಾ ಇಲ್ಲ. ಸ್ಪೀಕರ್ ಬದಲಾಯಿಸ್ಲಾ, ಆಂಪ್ ಬದಲಾಯಿಸ್ಲಾ, ಎಲ್ಲಾ ಎತ್ತಾಕಿ ಹೊಸದೇ ತಗೊಂಡ್ಬಿಡ್ಲಾ?" ಕಾಫಿಗೆ ಒಳ್ಳೇ ರೇಟು ಬಂದ ಮೇಲಂತೂ ಈ ಪ್ರಶ್ನೆ ಜಾಸ್ತಿಯಾಗಿದೆ.

ನನ್ನ ಉತ್ತರ ಕೇಳಿ ಬಹಳ ಜನಕ್ಕೆ ಸಪ್ಪೆ ಅನಿಸುತ್ತದೆ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಇರುವ ಸೆಟ್ಟು ಹೊಸದರಲ್ಲಿ ಹೇಗಿತ್ತೋ ಮೊದಲು ಆ ಸ್ಥಿತಿಗೆ ತನ್ನಿ. ಒಂದು ತಿಂಗಳು ಕೇಳಿ. ಆಮೇಲೂ ಬೇಕು ಅನಿಸಿದರೆ ಅಂಗಡಿಗೆ ಹೋಗಿ.

ಯಾಕೆ ಅಂದರೆ, ನಿಮ್ಮ ಸೆಟ್ಟಿನ ನಿಜವಾದ ದನಿ ಹೇಗಿತ್ತು ಅನ್ನುವುದು ನಿಮಗೇ ಮರೆತುಹೋಗಿದೆ. ಈ ಸಾಮಾನುಗಳು ಒಂದೇ ದಿನಕ್ಕೆ ಕೆಡುವುದಿಲ್ಲ. ವರ್ಷವರ್ಷವೂ ಚೂರುಚೂರು ಇಳಿಯುತ್ತಾ ಹೋಗುತ್ತವೆ, ಕಿವಿ ಅದಕ್ಕೇ ಒಗ್ಗಿಕೊಳ್ಳುತ್ತದೆ. ಒಂದು ದಿನ ಬೆಂಗಳೂರಿನ ಯಾವುದೋ ಶೋರೂಮಿನಲ್ಲಿ ಹೊಸ ಸ್ಪೀಕರ್ ಕೇಳಿ ದಂಗಾಗುತ್ತೀರಿ. ಆದರೆ ಅಲ್ಲಿ ನೀವು ಹೊಸದನ್ನು ಹೋಲಿಸುತ್ತಿರುವುದು ಅರ್ಧ ಜೀವ ಹೋದ ಹಳೆಯದರ ಜೊತೆ. ಪಂದ್ಯ ಅದಲ್ಲ ಅಲ್ವಾ?

ಎಲ್ಲಿ ಏನು ಹೋಗಿದೆ ಅಂತ ಪತ್ತೆ ಹಚ್ಚಲು ಮೀಟರು, ಮೈಕು ಏನೂ ಬೇಡ. ಒಂದು ಹಳೇ ಮೋನೋ ರೆಕಾರ್ಡಿಂಗ್ ಸಾಕು. ನಾನು ಹಾಕುವುದು ದೊರೆಸ್ವಾಮಿ ಅಯ್ಯಂಗಾರರ ವೀಣೆ, ಇಲ್ಲವೇ ಆರ್.ಕೆ. ಶ್ರೀಕಂಠನ್ ಅವರ ಹಾಡು. ಇಬ್ಬರೂ 1920ರಲ್ಲಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿದವರು, ಒಬ್ಬರು ಗಡ್ಡವಳ್ಳಿ, ಇನ್ನೊಬ್ಬರು ರುದ್ರಪಟ್ಟಣ. ಅಭಿಮಾನ ಇದ್ದದ್ದೇ, ಆದರೆ ಇಲ್ಲಿ ನನಗೆ ಬೇಕಾಗಿರುವುದು ಮೋನೋ. ಮೋನೋದಲ್ಲಿ ಎರಡೂ ಸ್ಪೀಕರಿಗೆ ಹೋಗುವುದು ಒಂದೇ ಸಿಗ್ನಲ್. ಎರಡು ಸ್ಪೀಕರಿನಿಂದಲೂ ಸಮಾನ ದೂರದಲ್ಲಿ ಕೂತು ಕಣ್ಣು ಮುಚ್ಚಿದರೆ ಗಾಯಕರು ಸರಿಯಾಗಿ ನಟ್ಟನಡುವೆ ನಿಂತಿರಬೇಕು, ಒಂದು ಗೇಣಿನ ಅಗಲದಲ್ಲಿ. ದನಿ ಒಂದು ಕಡೆಗೆ ವಾಲಿದರೆ, ಅಥವಾ ಕೆಳಸ್ಥಾಯಿ ನಡುವೆ ಇದ್ದು ಮೇಲಿನ ಸ್ವರಗಳು ಪಕ್ಕಕ್ಕೆ ಸರಿದರೆ, ಎಡಬಲದ ಎರಡು ದಾರಿಗಳಲ್ಲಿ ಒಂದು ಬೇರೆಯದಕ್ಕಿಂತ ಜಾಸ್ತಿ ಮುದಿಯಾಗಿದೆ ಅಂತ ಅರ್ಥ.

ಈಗ ಸೆಟ್ ಆಫ್ ಮಾಡಿ, ಆಂಪಿನ ಹಿಂದೆ ಎಡ ಮತ್ತು ಬಲ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿ. ಮತ್ತೆ ಹಾಕಿ. ವಾಲುವ ದಿಕ್ಕು ಬದಲಾಯಿತಾ? ಹಾಗಿದ್ದರೆ ತೊಂದರೆ ಆಂಪಿನಲ್ಲೋ ಅದರ ಹಿಂದೋ ಇದೆ. ಬದಲಾಗಲಿಲ್ಲವಾ? ಸ್ಪೀಕರಿನಲ್ಲಿದೆ, ಅಥವಾ ಕೋಣೆಯಲ್ಲಿ. ಸ್ಪೀಕರೋ ಕೋಣೆಯೋ ತಿಳಿಯಬೇಕಾದರೆ ಸ್ಪೀಕರ್‌ಗಳನ್ನೇ ಅದಲುಬದಲು ಇಡಿ. ಆಂಪಿನ ಕಡೆ ಅನುಮಾನ ಇದ್ದರೆ ಅದಕ್ಕೆ ಬರುವ ವೈರುಗಳನ್ನು ಹೀಗೇ ಬದಲಾಯಿಸಿ ಸಿಡಿ ಪ್ಲೇಯರ್‌ವರೆಗೆ ಹಿಂದಕ್ಕೆ ಹೋಗಬಹುದು. ಒಂದು ಭಾನುವಾರ ಬೆಳಿಗ್ಗೆಯ ಕೆಲಸ. ಲಕ್ಷಗಟ್ಟಲೆ ಖರ್ಚು ಮಾಡಲು ಹೊರಟವರು ಈ ಒಂದು ಬೆಳಿಗ್ಗೆ ಖರ್ಚು ಮಾಡಲು ಹಿಂದೆಮುಂದೆ ನೋಡುವುದು ನನಗೆ ಇವತ್ತಿಗೂ ಸೋಜಿಗ.

ಸ್ಪೀಕರ್ ಅಂತ ಗೊತ್ತಾದರೆ ಮುಂದಿನ ಬಟ್ಟೆ ತೆಗೆದು ತಗ್ಗಿನ ಸ್ವರ ನುಡಿಸುವ ದೊಡ್ಡ ಕೋನಿನ, ಅಂದರೆ ವೂಫರಿನ ಅಂಚು ನೋಡಿ. ಕೋನನ್ನು ಚೌಕಟ್ಟಿಗೆ ಸೇರಿಸುವ ಆ ಮೆತ್ತನೆಯ ಉಂಗುರ ಫೋಮಿನದ್ದಾಗಿದ್ದರೆ ಹತ್ತರಿಂದ ಇಪ್ಪತ್ತು ವರ್ಷದಲ್ಲಿ ಅದು ಉದುರುತ್ತದೆ. ತೇವಕ್ಕೆ ಇನ್ನೂ ಬೇಗ. ನಮ್ಮ ಮಲೆನಾಡಿನ ಕಡೆಯ ಜುಲೈ ಅದಕ್ಕೆ ಶತ್ರು. ಬೆರಳಲ್ಲಿ ಮೆಲ್ಲಗೆ ಮುಟ್ಟಿದರೆ ಪುಡಿಯಾಗಿ ಬರುತ್ತದೆ. ಇದನ್ನು ನೋಡಿ "ಸ್ಪೀಕರ್ ಸತ್ತೇ ಹೋಯ್ತು" ಅಂತ ಗುಜರಿಗೆ ಹಾಕಿದವರಿದ್ದಾರೆ. ಕೋನು, ಕಾಯಿಲು, ಮ್ಯಾಗ್ನೆಟ್ಟು ಎಲ್ಲಾ ಚೆನ್ನಾಗಿಯೇ ಇರುತ್ತವೆ. ಹೊಸ ಫೋಮ್ ಉಂಗುರ ಅಂಟಿಸಿದರೆ ಆಯಿತು. ಸ್ಪೀಕರಿನ ಬೆಲೆಗೆ ಹೋಲಿಸಿದರೆ ಇದು ಚಿಲ್ಲರೆ ಖರ್ಚು. ರಬ್ಬರ್ ಅಂಚಿದ್ದರೆ ನೀವು ಪುಣ್ಯವಂತರು, ಅದು ಬಹಳ ಕಾಲ ಬಾಳುತ್ತದೆ. ಮೇಲಿನ ಸ್ವರ ನುಡಿಸುವ ಟ್ವೀಟರ್ ಮಂಕಾಗಿದ್ದರೆ ಅದರೊಳಗಿನ ಫೆರೋಫ್ಲೂಯಿಡ್ ಅನ್ನುವ ಕಾಂತೀಯ ದ್ರವ ಗಟ್ಟಿಯಾಗಿರಬಹುದು. ತೊಳೆದು ಹೊಸದು ಹಾಕಬಹುದು, ಆದರೆ ಕೈ ಪಳಗಿದವರೇ ಮಾಡಬೇಕು.

ಇನ್ನು ಆಂಪ್ಲಿಫೈಯರ್. ಇಲ್ಲಿ ಮುದಿಯಾಗುವುದು ಮುಖ್ಯವಾಗಿ ಚಾರ್ಜ್ ಹಿಡಿದಿಡುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು. ಒಳಗಿನ ದ್ರವ ಮೆಲ್ಲಗೆ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ ಅನ್ನುವುದು ಹಳೇ ಲೆಕ್ಕ. ಹಾಗಾಗಿ ಸದಾ ಕಾದು ಕೂರುವ ಕ್ಲಾಸ್ ಎ ಆಂಪುಗಳು, ಗಾಳಿಯಾಡದ ಶೋಕೇಸಿನಲ್ಲಿ ಬಂದಿಯಾದ ಆಂಪುಗಳು ಬೇಗ ಸೊರಗುತ್ತವೆ. ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದಿದ್ದರೆ ಅದರ ಶ್ರುತಿ ಗಮನಿಸಿ. ನಮ್ಮ ಕರೆಂಟು 50 ಹರ್ಟ್ಜ್. 50ರ ದಪ್ಪ ಗುಂಯ್ ಆದರೆ ಸಾಮಾನ್ಯವಾಗಿ ಅರ್ತಿಂಗ್ ಅಥವಾ ವೈರಿನ ತಕರಾರು. ಅದಕ್ಕಿಂತ ಒಂದು ಸ್ಥಾಯಿ ಮೇಲಿನ 100 ಹರ್ಟ್ಜ್ ಆದರೆ ಪವರ್ ಸಪ್ಲೈ ಕೆಪಾಸಿಟರ್‌ಗಳ ಮೇಲೆ ಅನುಮಾನ ಪಡಿ. ಇನ್ನೊಂದು ಪರಿಚಿತ ಕಾಯಿಲೆ ಇದೆ. ಆನ್ ಮಾಡಿದಾಗ ಒಂದು ಕಡೆ ದನಿಯೇ ಇಲ್ಲ, ವಾಲ್ಯೂಮ್ ಜೋರಾಗಿ ಏರಿಸಿದ ಕೂಡಲೇ ಟಪ್ ಅಂತ ಬರುತ್ತದೆ. ಬಹುಪಾಲು ಇದು ಸ್ಪೀಕರನ್ನು ಕಾಯುವ ಸ್ವಿಚ್ಚಿನ, ಅಂದರೆ ಪ್ರೊಟೆಕ್ಷನ್ ರಿಲೇಯ ಕಿಲುಬು. ಸಣ್ಣ ಬಿಡಿಭಾಗ, ಬದಲಾಯಿಸಿದರೆ ಮುಗಿಯಿತು. ಇಷ್ಟಕ್ಕೇ ಒಳ್ಳೇ ಆಂಪನ್ನು ಮಾರಿದವರನ್ನು ನಾನು ಬಲ್ಲೆ. ಅಂದ ಹಾಗೆ, ನೀವಾಗಿ ಮುಚ್ಚಳ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ರಿಪೇರಿಗೆ ಕೊಡುವಾಗ ಮೊದಲೇ ಎರಡು ಮಾತು ಹೇಳಿ. ನಿಚಿಕಾನ್, ಪ್ಯಾನಸೋನಿಕ್, ರೂಬಿಕಾನ್ ತರದ ಅಸಲಿ ಕೆಪಾಸಿಟರ್ ಹಾಕಬೇಕು, ತೆಗೆದ ಹಳೆಯದನ್ನು ವಾಪಸ್ ಕೊಡಬೇಕು. ಕೆಲಸ ಮುಗಿದ ಮೇಲೆ ಬಯಾಸ್ (ಹಾಡಿಲ್ಲದಾಗಲೂ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಕರೆಂಟು) ಹೊಂದಿಸಿ, ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ (ಅಲ್ಲಿ ಇರಬಾರದ ಒಂದೇ ದಿಕ್ಕಿನ ವೋಲ್ಟೇಜ್) ಎಷ್ಟಿದೆ ತೋರಿಸಲು ಹೇಳಿ. ಕೆಲವು ಮಿಲಿವೋಲ್ಟ್ ಇದ್ದರೆ ನಿಶ್ಚಿಂತೆ. ನೂರು ದಾಟಿದರೆ ಸ್ಪೀಕರ್ ಜೋಡಿಸಬೇಡಿ.

ಎಸ್ಟೇಟಿನವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಕರೆಂಟು ಹೋದಾಗ ಜನರೇಟರಿನಲ್ಲಿ ರೆಕಾರ್ಡ್ ಕೇಳುತ್ತೀರಿ. ಹಳೇ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್‌ಗಳಲ್ಲಿ ಬಹಳಷ್ಟಕ್ಕೆ ಸಿಂಕ್ರೊನಸ್ ಮೋಟಾರು. ಅದರ ವೇಗ ಕರೆಂಟಿನ ಹರ್ಟ್ಜ್ ಮೇಲೆ ನಿಂತಿದೆ. ಜನರೇಟರ್ 52 ಹರ್ಟ್ಜ್ ಕೊಟ್ಟರೆ ತಟ್ಟೆ ನೂರಕ್ಕೆ ನಾಲ್ಕರಷ್ಟು ಜೋರಾಗಿ ತಿರುಗುತ್ತದೆ, ಶ್ರುತಿ ಕಿವಿಗೆ ಗೊತ್ತಾಗುವಷ್ಟು ಏರುತ್ತದೆ. "ಟರ್ನ್‌ಟೇಬಲ್ ಹಾಳಾಗಿದೆ, ಹೊಸದು ಯಾವುದು ತಗೊಳ್ಳಲಿ" ಅಂತ ಕೇಳುವ ಮೊದಲು ಇದನ್ನು ನೋಡಿ. 1979ರ ಟೆಕ್ನಿಕ್ಸ್ ಎಸ್ಎಲ್-1200 ಎಂಕೆ2 ತರದ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಮೆಷಿನ್‌ಗಳಿಗೆ ಈ ರೋಗವಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಆಂಪ್ ಜೋಡಿಸಿದರೆ ಕರಕರ ಸದ್ದು ಸಹಜ, ಸೈನ್ ವೇವ್ ಇನ್ವರ್ಟರ್ ಬೇಕು. ಅರ್ತ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಮುಚ್ಚಿ ಮರೆತಿರುತ್ತೀರಿ. ಬೇಸಿಗೆಯಲ್ಲಿ ಅದಕ್ಕೆ ಒಂದೆರಡು ಕೊಡ ನೀರು ಹೊಯ್ಯಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಪ್ಲಗ್ ಎಳೆದಿಡುವುದಕ್ಕಿಂತ ಒಳ್ಳೇ ಸಾಧನ ನಾನಂತೂ ಕಂಡಿಲ್ಲ.

ಟರ್ನ್‌ಟೇಬಲ್ಲಿಗೆ ಹೊಸ ಬೆಲ್ಟು, ಹೊಸ ಸ್ಟೈಲಸ್ (ರೆಕಾರ್ಡಿನ ಮೇಲೆ ಓಡುವ ಮುಳ್ಳು). ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳಲು ಏನಿಲ್ಲ.

ಸಿಡಿ ಪ್ಲೇಯರ್ ಮಾತ್ರ ಬೇರೆ ಕತೆ. ಇಲ್ಲಿ ನಾನು ರಿಪೇರಿಯ ಪರ ವಾದ ಮಾಡುವುದಿಲ್ಲ. ಲೇಸರ್ ಸೋತರೆ ಕೆಲವಕ್ಕೆ ಸುಲಭವಾಗಿ ಹೊಸದು ಸಿಗುತ್ತದೆ, ಆದರೆ ದೊಡ್ಡ ಬೆಲೆಯ ಹಲವು ಪ್ಲೇಯರ್‌ಗಳಿಗೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಲೇಸರ್ ಚೆನ್ನಾಗಿದ್ದು ಹಿಂದೆ ಡಿಜಿಟಲ್ ಔಟ್ ಇದ್ದರೆ ಅದನ್ನು ಬರೀ ಡಿಸ್ಕ್ ಓದಲು ಇಟ್ಟುಕೊಂಡು ಒಂದು ಹೊಸ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ದನಿಯ ಸಿಗ್ನಲ್ ಮಾಡುವ ಸಾಧನ) ಜೋಡಿಸಿ. ಮೂವತ್ತು ವರ್ಷದಲ್ಲಿ ನಿಜವಾಗಿ ಅಗ್ಗವಾಗಿ, ನಿಜವಾಗಿ ಚೆನ್ನಾಗಿರುವುದು ಈ ಒಂದು ವಿಭಾಗ. 1982ರಲ್ಲಿ ಸಿಡಿ ಬಂದಾಗಿನ 16 ಬಿಟ್, 44.1 ಕಿಲೋಹರ್ಟ್ಜ್ ಲೆಕ್ಕವನ್ನು ಇವತ್ತಿನ ಸಾಧಾರಣ ಬೆಲೆಯ ಡ್ಯಾಕ್ ಕೂಡ ಸಲೀಸಾಗಿ ನಿಭಾಯಿಸುತ್ತದೆ. ಹಾಗಾಗಿ ಡ್ಯಾಕಿಗೆ ಲಕ್ಷ ಸುರಿಯಬೇಡಿ. ಹಳೇ ಎವಿ ರಿಸೀವರ್ (ಟಿವಿ, ಸಿನಿಮಾಕ್ಕೆ ಹಲವು ಸ್ಪೀಕರ್ ನಡೆಸುವ ಆಂಪ್) ಇದ್ದವರೂ ಅದರ ಆಸೆ ಬಿಡಿ. ಅದರ ಡಿಜಿಟಲ್ ಬೋರ್ಡಿಗೆ ಬಿಡಿಭಾಗ ಸಿಗುವುದಿಲ್ಲ, ಸಿಕ್ಕರೂ ಇವತ್ತಿನ ಟಿವಿಗೆ ಅದು ಹೊಂದುವುದು ಕಷ್ಟ. ಎರಡು ಚಾನೆಲ್ಲಿನ ಅನಲಾಗ್ ಆಂಪಿಗೆ ಈ ತಾಪತ್ರಯವಿಲ್ಲ. 1985ರ ಆಂಪಿಗೂ ಇವತ್ತಿನ ಸ್ಪೀಕರಿಗೂ ಮಾತುಕತೆ ಅದೇ ಎರಡು ವೈರಿನಲ್ಲಿ.

ಸರಿ, ಎಲ್ಲಾ ರಿಪೇರಿ ಆಯಿತು, ತಿಂಗಳು ಕೇಳಿದ್ದೂ ಆಯಿತು, ಆದರೂ ಬೇಕು ಅಂದರೆ? ಸ್ಪೀಕರ್ ಬದಲಾಯಿಸಿ. ದನಿಯ ಸ್ವಭಾವವನ್ನು ಅತಿ ಜಾಸ್ತಿ ತೀರ್ಮಾನಿಸುವುದು ಸ್ಪೀಕರ್ ಮತ್ತು ಅದು ಕೂತಿರುವ ಕೋಣೆ. ಕೋಣೆಯ ಬಗ್ಗೆ ಹೇಳಿದರೆ ಜನರಿಗೆ ಬೇಜಾರು, ಕೊಳ್ಳಲು ಅದರಲ್ಲಿ ಏನೂ ಇಲ್ಲವಲ್ಲ. ಆದರೂ ಹೇಳುತ್ತೇನೆ. ಎಷ್ಟೋ ಜನ ಹಳೇ ಹೆಂಚಿನ ಮನೆ ಬಿಟ್ಟು ಹೊಸ ಮನೆ ಕಟ್ಟಿದ ವರ್ಷವೇ "ಸೆಟ್ ಕೆಟ್ಟಿದೆ" ಅಂತ ಫೋನ್ ಮಾಡಿದ್ದಾರೆ. ಹಳೇ ಮನೆಯಲ್ಲಿ ಹೆಂಚು, ಮರದ ತೊಲೆ, ಏರುಪೇರು ಗೋಡೆ, ಬಟ್ಟೆಬರೆ. ಹೊಸ ಮನೆಯಲ್ಲಿ ವಿಟ್ರಿಫೈಡ್ ಟೈಲ್ಸು, ಗಾಜು, ಬೋಳು ಗೋಡೆ. ಚಪ್ಪಾಳೆ ತಟ್ಟಿ ನೋಡಿ, ಟಿಣ್ ಅಂತ ಎಳೆದುಕೊಂಡು ಹೋದರೆ ಸೆಟ್ಟಿನ ತಪ್ಪಲ್ಲ. ದಪ್ಪ ಜಮಖಾನ ಹಾಸಿ, ಪುಸ್ತಕದ ಬೀರು ಇಡಿ, ಪರದೆ ಹಾಕಿ. ಹನ್ನೆರಡಕ್ಕೆ ಹನ್ನೆರಡು ಅಡಿಯ ಚೌಕ ಕೋಣೆಯಂತೂ ಇನ್ನೂ ಕಷ್ಟ. ಉದ್ದ, ಅಗಲ ಎರಡೂ 47 ಹರ್ಟ್ಜ್ ಆಸುಪಾಸಿನ ಸ್ವರವನ್ನೇ ಉಬ್ಬಿಸುತ್ತವೆ. ಸ್ಪೀಕರನ್ನು ಮೂಲೆಯಿಂದ ಎರಡು ಅಡಿ ಈಚೆ ಎಳೆದರೆ ಮೃದಂಗದ ಎಡಗೈ ಹಿಡಿತಕ್ಕೆ ಬರುತ್ತದೆ.

ಜಾಸ್ತಿ ವ್ಯಾಟಿನ ಆಂಪ್ ಬೇಕು ಅನ್ನುವವರಿಗೆ ಒಂದೇ ಲೆಕ್ಕ. 50 ವ್ಯಾಟಿನಿಂದ 100ಕ್ಕೆ ಹೋದರೆ ಸಿಗುವುದು 3 ಡೆಸಿಬಲ್, ಅಂದರೆ ಗಮನಿಸಿದರೆ ಗೊತ್ತಾಗುವಷ್ಟು. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದರ ಬದಲು 87 ಡೆಸಿಬಲ್ ಸೆನ್ಸಿಟಿವಿಟಿಯ (ಅಷ್ಟೇ ವ್ಯಾಟಿಗೆ ಎಷ್ಟು ಜೋರು ಅನ್ನುವ ಲೆಕ್ಕ) ಸ್ಪೀಕರ್ ಬಿಟ್ಟು 90ರದ್ದು ತಗೊಂಡರೆ ಆಂಪ್ ಎರಡರಷ್ಟು ದೊಡ್ಡದು ಮಾಡಿದಂತೆಯೇ ಆಯಿತು. ಕೇಬಲ್ಲಿಗೆ ಸುಮ್ನೆ ದುಡ್ಡು ಹಾಕಬೇಡಿ. ಬಿ.ಎಂ. ರೋಡಿನ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಐದು ಮೀಟರ್ ಓಡಿದರೂ ಹೋಗಿಬರುವ ದಾರಿಯ ಅಡ್ಡಿ 0.1 ಓಮ್ ಮುಟ್ಟುವುದಿಲ್ಲ. 8 ಓಮಿನ ಸ್ಪೀಕರಿಗೆ ಅದು ಲೆಕ್ಕಕ್ಕೇ ಇಲ್ಲ. ಈ ಮಾತಿಗೆ ನನ್ನ ಜೊತೆ ಜಗಳವಾಡುವ ಸ್ನೇಹಿತರಿದ್ದಾರೆ, ಆಡಲಿ.

ಹೇಳಲು ಮುಜುಗರವಾಗುವ ಸಂಗತಿಯೂ ಒಂದಿದೆ. ಸೆಟ್ಟಿನ ಜೊತೆ ನಮಗೂ ವಯಸ್ಸಾಗಿದೆ. ಅರವತ್ತು ದಾಟಿದವರಲ್ಲಿ ಬಹಳ ಜನಕ್ಕೆ 12 ಕಿಲೋಹರ್ಟ್ಜ್ ಮೇಲಿನದು ಕೇಳಿಸುವುದೇ ಕಷ್ಟ. ಹಳೇ ಆಂಪಿನಲ್ಲಿರುವ ಟ್ರೆಬಲ್ ಗುಂಡಿಯನ್ನು ಚೂರು ತಿರುಗಿಸಲು ನಾಚಿಕೆ ಯಾಕೆ? ಇವತ್ತಿನ ಎಷ್ಟೋ ದುಬಾರಿ ಆಂಪುಗಳಲ್ಲಿ ಆ ಗುಂಡಿಯೇ ಇರುವುದಿಲ್ಲ. ಹಳೆಯದನ್ನು ಉಳಿಸಿಕೊಳ್ಳಲು ಅದೂ ಒಂದು ಕಾರಣ. ಒಮ್ಮೆ ಡಾಕ್ಟರ ಹತ್ತಿರ ಹೋಗಿ ಕಿವಿಯ ಗುಗ್ಗೆ ತೆಗೆಸಿಕೊಂಡು ಬನ್ನಿ, ಇದು ತಮಾಷೆ ಅಲ್ಲ.

ಹೊಸ ಸ್ಪೀಕರ್ ನೋಡುವಾಗ ಅಂಗಡಿಯಲ್ಲಿ ತೀರ್ಮಾನ ಮಾಡಬೇಡಿ. ನಿಮ್ಮ ಆಂಪನ್ನೇ ಕಾರಿನಲ್ಲಿ ಹಾಕಿಕೊಂಡು ಹೋಗಿ, ಅಥವಾ ವಾರದ ಮಟ್ಟಿಗೆ ಮನೆಗೆ ಕೊಡುತ್ತಾರಾ ಕೇಳಿ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯವರು ಈ ಪರೀಕ್ಷೆಗೆ ಇಳಿಯಬೇಡಿ, ಹೆಂಚಿನ ಮೇಲಿನ ಮಳೆ ಸದ್ದಿನಲ್ಲಿ ತಂಬೂರಿಯ ನಾದ ಎಲ್ಲಿ ಕೇಳುತ್ತೆ? ಕುಯ್ಲು ಮುಗಿಯಲಿ, ಫೆಬ್ರವರಿ ಮಾರ್ಚಿನಲ್ಲಿ ಆರಾಮಾಗಿ ಕೂತು ಕೇಳಿ.

ಇಷ್ಟಾದ ಮೇಲೆ ಎಲ್ಲರೂ ಕೇಳುವುದು, "ಹಳೇ ಸ್ಪೀಕರ್ ಮಾರಿದರೆ ಏನಾದ್ರೂ ಬರುತ್ತಾ?" ಬರುತ್ತೆ. ರಿಪೇರಿಯಾದ ಜೋಡಿಗೆ ಫೋಮ್ ಉದುರಿದ ಜೋಡಿಗಿಂತ ಒಳ್ಳೇ ಬೆಲೆ. ಮೂಲ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲೆ ಇದ್ದರೆ ಬಿಸಾಡಬೇಡಿ. ಅದು ಇಲ್ಲದೆ ಅಷ್ಟು ಭಾರದ ಸಾಮಾನನ್ನು ಪಾರ್ಸೆಲ್ ಲಾರಿಗೆ ಹಾಕುವುದು ಬೇಡ, ಕೊಳ್ಳುವವರೇ ಬಂದು ಕೇಳಿ ಒಯ್ಯಲಿ. ಟರ್ನ್‌ಟೇಬಲ್ ಆದರೆ ಮೇಲಿನ ತಟ್ಟೆ ಬಿಚ್ಚಿ ಬೇರೆ ಸುತ್ತಿ, ಮುಳ್ಳು ಕೂರುವ ಟೋನ್‌ಆರ್ಮ್ ಅಲುಗದಂತೆ ಕಟ್ಟಿ, ಸ್ಟೈಲಸ್ ತೆಗೆದು ಜೇಬಿನಲ್ಲಿ ಕೊಟ್ಟು ಕಳಿಸಿ.