ಯೂಟ್ಯೂಬ್‌ಗೆ ಹಾಕಿದರೆ ಉಳಿಯುತ್ತಾ?

"ಯೂಟ್ಯೂಬ್‌ಗೆ ಹಾಕಿಬಿಡ್ರಿ, ಸೇಫ್ ಇರ್ತದ." ವಿಡಿಯೋ ಆರ್ಟ್, ಅಂದರೆ ವಿಡಿಯೋದಲ್ಲೇ ಕಲಾಕೃತಿ ಮಾಡುವವರಿಗೆ ಯಾರಾದರೂ ಹೀಗೆ ಹೇಳಿದಾಗಲೆಲ್ಲ ನನಗೆ ರೇಗುತ್ತದೆ. ಹಾಕಿದರೆ ನಾಲ್ಕು ಜನ ನೋಡುತ್ತಾರೆ, ಬೇಡ ಅನ್ನಲ್ಲ. ಆದರೆ ಅದು ಫೈಲನ್ನು ಹಿಂಡಿ ಸಣ್ಣದು ಮಾಡಿಕೊಳ್ಳುತ್ತದೆ, ಚಿತ್ರದ ಸ್ಪಷ್ಟತೆ ಕಡಿಮೆಯಾಗುತ್ತದೆ. ಹಿಂದೆ ಯಾವುದೋ ಹಾಡು ಕೇಳಿಸಿತು ಅಂತ ಕಾಪಿರೈಟ್ ದೂರು ಬಂದರೆ ವಿಡಿಯೋನೇ ಮಾಯ ಆಗಬಹುದು.

ನಮ್ಮ ಕಲಬುರಗಿಯಲ್ಲಿ ನನಗೆ ಗೊತ್ತಿರುವ ಕಲಾವಿದರ ಹಳೆಯ ಕೆಲಸಗಳೆಲ್ಲ ಮಿನಿಡಿವಿ ಅನ್ನೋ ಸಣ್ಣ ವಿಡಿಯೋ ಕ್ಯಾಸೆಟ್‌ನಲ್ಲಿವೆ. ಮದುವೆ ಶೂಟಿಂಗ್ ಮಾಡುವವರ ಕ್ಯಾಮೆರಾವನ್ನು ಸೀಸನ್ ಇಲ್ಲದಾಗ ಕೇಳಿ ತಂದು ಮಾಡಿದ್ದು. ಕೆಲವು ಕ್ಯಾಸೆಟ್ ಮೇಲೆ ಆಮೇಲೆ ಯಾರದೋ ಅರಿಶಿನ ಶಾಸ್ತ್ರ ರೆಕಾರ್ಡ್ ಆಗಿದೆ, ಅದು ಬೇರೆ ಮಾತು. ಉಳಿದವು ಅಲ್ಮಾರಿಯಲ್ಲಿ, ಪತ್ರಾಸ್ ಮನೆಯ ಅಟ್ಟದಲ್ಲಿ ಬಿದ್ದಿವೆ. ಟೇಪಿಗೆ ಬಿಸಿಲೂ ಆಗಲ್ಲ, ತೇವವೂ ಆಗಲ್ಲ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ, ಅದು ಮುಗಿಯೋದರೊಳಗೆ ಮಳೆ. ಬೂಷ್ಟು ಹಿಡಿದ ಟೇಪನ್ನು ಹಾಗೇ ಹಾಕಿದರೆ ಕ್ಯಾಮೆರಾದಲ್ಲಿ ಟೇಪ್ ಓದುವ ಹೆಡ್ ಕೂಡ ಹೊಲಸಾಗುತ್ತದೆ, ಪರದೆ ಮೇಲೆ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ.

ಟೇಪಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸ ಕಷ್ಟದ್ದಲ್ಲ, ಸಾಮಾನು ಸಿಗುವುದು ಕಷ್ಟ. ಓಡುವ ಕ್ಯಾಮೆರಾ ಬೇಕು, ಫೈರ್‌ವೈರ್ ಪೋರ್ಟ್ (ಕ್ಯಾಮೆರಾದ ಕೇಬಲ್ ಚುಚ್ಚುವ ಜಾಗ) ಇರುವ ಹಳೇ ಕಂಪ್ಯೂಟರ್ ಬೇಕು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಆಗುತ್ತದೆ. ಜಾಗ ಉಳಿಸೋಕೆ ಅಂತ ಅದನ್ನು ಹಿಂಡಿ ಎಂಪಿ4 ಮಾಡಿ ಮೂಲ ಫೈಲ್ ಅಳಿಸಬೇಡಿ. ಎರಡು ಹಾರ್ಡ್‌ಡಿಸ್ಕ್‌ಗೆ ಹಾಕಿ, ಎರಡನ್ನೂ ಒಂದೇ ಮನೆಯಲ್ಲಿ ಇಡಬೇಡಿ, ಆಗಾಗ ತೆಗೆದು ಓಡಿಸಿ ನೋಡಿ.

ದುಡ್ಡಿನ ವಿಷಯಕ್ಕೆ ಬಂದರೆ, ನ್ಯೂಯಾರ್ಕ್‌ನ ಎಲೆಕ್ಟ್ರಾನಿಕ್ ಆರ್ಟ್ಸ್ ಇಂಟರ್‌ಮಿಕ್ಸ್ 1971ರಿಂದ, ಶಿಕಾಗೋದ ವಿಡಿಯೋ ಡೇಟಾ ಬ್ಯಾಂಕ್ 1976ರಿಂದ ವಿಡಿಯೋ ಆರ್ಟ್ ಕೆಲಸದಲ್ಲೇ ಇರುವ ಸಂಸ್ಥೆಗಳು. ಕಾಲೇಜು, ಮ್ಯೂಸಿಯಂಗಳಿಗೆ ವಿಡಿಯೋ ಬಾಡಿಗೆಗೆ ಕೊಡುತ್ತವೆ, ಕಲಾವಿದರಿಗೆ ಪಾಲು ಕೊಡುತ್ತವೆ, ಹಳೇ ಟೇಪನ್ನೂ ಕಾಪಾಡುತ್ತವೆ. ಹಂಚುವುದು, ಉಳಿಸುವುದು ಎರಡೂ ಒಂದೇ ಕಡೆ. ನಮ್ಮ ದೇಶದಲ್ಲೂ 2008ರಿಂದ ಪ್ಯಾಡ್‌.ಮಾ ಅನ್ನೋ ಆನ್‌ಲೈನ್ ಸಂಗ್ರಹ ಇದೆ, ಅಲ್ಲಿ ವಿಡಿಯೋ ಜೊತೆಗೆ ಅದರ ಬಗ್ಗೆ ಬರೆದ ಟಿಪ್ಪಣಿಗಳೂ ಸಿಗುತ್ತವೆ. ನಮ್ಮೂರಿನ ಕಾರ್ಯಕ್ರಮಗಳಲ್ಲಿ ಮಾತ್ರ ಶಾಮಿಯಾನಾಕ್ಕೆ ದುಡ್ಡಿದೆ, ಫ್ಲೆಕ್ಸ್‌ಗೆ ದುಡ್ಡಿದೆ, ಶಾಲು ಹಾರಕ್ಕೂ ಇದೆ, ಕಲಾವಿದರಿಗೆ ಮಾತ್ರ "ಪೆನ್‌ಡ್ರೈವ್‌ನಾಗ ಹಾಕ್ಕೊಂಡು ಬರ್ರಿ". ಐನೂರು ರೂಪಾಯಿ ಆದರೂ ಕೊಡಿ ಮಾರಾಯ್ರೇ, ಒಂದು ಹಾರ್ಡ್‌ಡಿಸ್ಕ್‌ಗೆ ಸ್ವಲ್ಪ ಆಸರೆ ಆಗುತ್ತದೆ.

ಸದ್ಯಕ್ಕೆ ಮದುವೆ ವಿಡಿಯೋದ ಗೆಳೆಯರೊಬ್ಬರ ಅಂಗಡಿಯಲ್ಲಿ ಒಂದು ಕ್ಯಾಮೆರಾ ಇನ್ನೂ ಓಡುತ್ತಿದೆ. ಭಾನುವಾರ ಅಲ್ಲಿ ಕೂತು ಇಳಿಸುತ್ತಿದ್ದೇವೆ. ಬೀದರ್, ಯಾದಗಿರಿ ಕಡೆಯವರೂ ಕ್ಯಾಸೆಟ್ ತರಬಹುದು. ಬೂಷ್ಟು ಹಿಡಿದಿದ್ದರೆ ಮೊದಲೇ ಹೇಳಿ, ಅದನ್ನು ಕೊನೆಗೆ ಹಾಕುತ್ತೇವೆ. ಫೈರ್‌ವೈರ್ ಕೇಬಲ್ ಇದ್ದರೆ ಅದನ್ನೂ ತನ್ನಿ, ನಮ್ಮದರ ಪಿನ್ ಅಲ್ಲಾಡುತ್ತಿದೆ.