ಎಳೆಯೋದು ಎಡಕ್ಕೆ, ಕೆಟ್ಟಿದ್ದು ಬಲಗಡೆ

ಆಗಸ್ಟ್ 3, 2025, ಭಾನುವಾರ
ತೀರ್ಥಹಳ್ಳಿ

ಬರುವ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹೆಬ್ರಿಯ ಅತ್ತೆ ಮನೆಗೆ ಹೋಗಲೇಬೇಕು. ಹೋಗಬೇಕು ಅಂದರೆ ಆಗುಂಬೆ ಘಾಟಿ ಇಳಿಯಬೇಕು. 14 ತಿರುವು, ಮೇಲಿಂದ ಮಳೆ, ಹತ್ತು ಮಾರು ಮುಂದಿನದು ಕಾಣದ ಮಂಜು. ನಮ್ಮ ಆಲ್ಟೊ ಕಾರು ನೋಡಿದರೆ ಬ್ರೇಕ್ ಒತ್ತಿದ ಕೂಡಲೇ ಎಡಕ್ಕೆ ಎಳೆಯುತ್ತಿದೆ. ಮೆಲ್ಲಗೆ ಒತ್ತಿದರೆ ಅಷ್ಟಾಗಿ ಗೊತ್ತಾಗೋದಿಲ್ಲ. ನಾಯಿಯೋ ಕರುವೋ ಅಡ್ಡ ಬಂದು ಜೋರಾಗಿ ಒತ್ತಿದರೆ ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಂಡು ಹೋಗುತ್ತದೆ.

ಜೂನ್‌ನಲ್ಲೇ ಒಂದು ಗ್ಯಾರೇಜಿಗೆ ತೋರಿಸಿದ್ದೆ. ಗಾಡಿ ಓಡಿಸಿ ನೋಡದೆ, ಕೂತಲ್ಲಿಂದಲೇ 'ವೀಲ್ ಅಲೈನ್‌ಮೆಂಟ್ ಹೋಗಿದೆ ಸಾರ್' ಅಂದರು, ಅಂದರೆ ಚಕ್ರಗಳು ಕೂತಿರುವ ಕೋನ ತಪ್ಪಿದೆ ಅಂತ. ಮಾಡಿಸಿದ್ದೂ ಆಯಿತು, ದುಡ್ಡು ಕೊಟ್ಟಿದ್ದೂ ಆಯಿತು. ಎಳೆತ ಮಾತ್ರ ಹಾಗೇ ಇತ್ತು. ಇರಲೇಬೇಕು. ಅಲೈನ್‌ಮೆಂಟ್ ಹೋದ ಗಾಡಿ ಬ್ರೇಕ್ ಒತ್ತದೆ ಇದ್ದಾಗಲೂ ಒಂದು ಕಡೆ ಸರಿಯುತ್ತದೆ. ನಮ್ಮದು ಬ್ರೇಕ್ ಮುಟ್ಟುವ ತನಕ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ.

ಈ ಸಲ ನಾನೇ ಕೂತು ನೋಡೋಣ ಅಂತ ಬೆಳಿಗ್ಗೆ ಶುರು ಮಾಡಿದೆ. ಮೊದಲು ಗಾಳಿ. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಇರುವಷ್ಟೇ ಗಾಳಿ ಮುಂದಿನ ಎರಡೂ ಟೈರಿನಲ್ಲಿತ್ತು. ಟೈರ್ ಎರಡೂ ಒಂದೇ ಕಂಪನಿಯವು, ಒಂದೇ ರೀತಿ ಸವೆದಿವೆ. ಆಮೇಲೆ ಎಪಿಎಂಸಿ ಅಂಗಳದ ಕಾಂಕ್ರೀಟಿಗೆ ಹೋದೆ. ನಮ್ಮ ರಸ್ತೆಗಳನ್ನು ನೀರು ಹರಿದುಹೋಗಲಿ ಅಂತ ಅಂಚಿಗೆ ಇಳಿಜಾರು ಮಾಡಿರುತ್ತಾರೆ, ಅಲ್ವಾ? ನಾವು ಎಡಗಡೆ ಓಡಿಸುವವರು. ಹಾಗಾಗಿ ಯಾವ ಗಾಡಿಯಾದರೂ ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಪರೀಕ್ಷೆಗೆ ಸಮತಟ್ಟು ಜಾಗವೇ ಬೇಕು. ಭಾನುವಾರ ಅಲ್ಲಿ ನರಪಿಳ್ಳೆ ಇರಲಿಲ್ಲ. ನಲವತ್ತರ ವೇಗದಲ್ಲಿ ಹೋಗಿ, ಸ್ಟೇರಿಂಗನ್ನು ಬೆರಳಲ್ಲಿ ಹಗುರವಾಗಿ ಹಿಡಿದು ಬ್ರೇಕ್ ಒತ್ತಿದೆ. ಎಡಕ್ಕೆ. ಎದುರು ದಿಕ್ಕಿನಿಂದ ಬಂದು ಒತ್ತಿದೆ. ಆಗಲೂ ಎಡಕ್ಕೇ. ಅಲ್ಲಿಗೆ ರಸ್ತೆಯ ತಪ್ಪಲ್ಲ ಅನ್ನೋದು ಖಾತ್ರಿಯಾಯಿತು.

ಮನೆಗೆ ಬಂದು ಮುಂದಿನ ಚಕ್ರಗಳ ಹತ್ತಿರ ಕೈ ಹಿಡಿದೆ. ಮುಟ್ಟಲಿಲ್ಲ, ಮುಟ್ಟಿದರೆ ಸುಡುತ್ತದೆ. ಎಡಗಡೆಯದು ಝಳ ಹೊಡೆಯುತ್ತಿತ್ತು. ಬಲಗಡೆಯದು ಉಗುರುಬೆಚ್ಚಗೆ. ಕೊರೋನಾ ಕಾಲದಲ್ಲಿ ತಂದ, ಹಣೆಗೆ ಹಿಡಿಯುವ ಥರ್ಮಾಮೀಟರ್ ಮನೆಯಲ್ಲಿತ್ತು. ಸುಮ್ನೆ ಎಡಚಕ್ರಕ್ಕೆ ಹಿಡಿದೆ. 'ಹೈ' ಅಂತ ತೋರಿಸಿ ಕೈಚೆಲ್ಲಿತು. ಅದಕ್ಕೆ ಮನುಷ್ಯರ ಜ್ವರ ಮಾತ್ರ ಗೊತ್ತು.

ಹಾಗಾದರೆ ಬಿಸಿಯಾದ ಎಡಚಕ್ರವೇ ಕೆಟ್ಟಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಿಂದೆ ನಮ್ಮ ಶಾಲೆಯ ಹತ್ತಿರ ಗ್ಯಾರೇಜ್ ಇಟ್ಟುಕೊಂಡಿದ್ದ ಹಳೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ.

"ಎಂತ ಮೇಷ್ಟ್ರೇ, ಬ್ರೇಕ್ ಬಿಟ್ಟ ಮೇಲೂ ಎಡಚಕ್ರ ಹಿಡ್ಕೊಂಡೇ ಇರ್ತದಾ?"

"ಇಲ್ಲ. ಜಾಕ್ ಹಾಕಿ ತಿರುಗಿಸಿದೆ, ಸಲೀಸಾಗಿ ತಿರುಗ್ತದೆ."

"ಹಾಗಾದ್ರೆ ಅದು ಸರಿ ಉಂಟು ಮಾರಾಯ್ರೇ. ಅದೊಂದೇ ದುಡೀತಾ ಉಂಟು, ಅದಕ್ಕೇ ಬಿಸಿ. ಬಲಗಡೆ ಬಿಚ್ಚಿ ನೋಡಿ."

ಜೋಡಿ ಎತ್ತಿನಲ್ಲಿ ಎಡದ್ದು ನಿಂತು ಬಲದ್ದು ನಡೆದರೆ ಗಾಡಿ ಎಡಕ್ಕೆ ತಿರುಗುತ್ತದೆ. ಇಲ್ಲೂ ಹಾಗೇ. ಎಡಚಕ್ರ ಹೇಳಿದ ಹಾಗೆ ನಿಲ್ಲುತ್ತಿದೆ, ಬಲದ್ದು ಓಡುತ್ತಲೇ ಇದೆ. ಎಡಚಕ್ರ ಬ್ರೇಕ್ ಬಿಟ್ಟ ಮೇಲೂ ಬಿಗಿಯಾಗಿಯೇ ಉಳಿದಿದ್ದರೆ ಕಥೆ ಬೇರೆ. ಆಗ ಕ್ಯಾಲಿಪರ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅಮುಕಿ ಹಿಡಿಯುವ ಭಾಗ, ಜಾಮ್ ಆಗಿರಬಹುದು, ಇಲ್ಲವೇ ರಬ್ಬರ್ ಹೋಸ್ ಒಳಗೇ ಉಬ್ಬಿ ಬ್ರೇಕ್ ಆಯಿಲ್ ವಾಪಸ್ ಹೋಗಲು ದಾರಿ ಕೊಡದೆ ಇರಬಹುದು. ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲಿಸಿದಾಗ ಚಕ್ರ ತಟ್ಟನೆ ಬಿಟ್ಟರೆ ಹೋಸಿನ ಮೇಲೆ ಅನುಮಾನ. ಬಿಡದಿದ್ದರೆ ಕ್ಯಾಲಿಪರಿನ ಮೇಲೆ. ಅಷ್ಟು ದೂರ ಹೋಗುವ ಪ್ರಸಂಗ ನನಗೆ ಬರಲಿಲ್ಲ.

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಬಲಚಕ್ರ ಬಿಚ್ಚಿದೆ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲ ಮಾಡಿಕೊಂಡು, ಆಮೇಲೆ ಜಾಕ್. ಜಾಕ್ ಒಂದನ್ನೇ ನಂಬಬಾರದು. ಅಡಿಗೆ ಸ್ಟ್ಯಾಂಡ್ ಕೊಟ್ಟೆ. ಕೆಲವರು ಸಿಮೆಂಟ್ ಇಟ್ಟಿಗೆ ಕೊಡುತ್ತಾರೆ. ಅದು ಒಡೆದರೆ ಹೇಳಿ ಒಡೆಯೋದಿಲ್ಲ.

ಹೆಂಡತಿಯನ್ನು ಕರೆದು ಬ್ರೇಕ್ ಮೇಲೆ ಕಾಲಿಡಲು ಹೇಳಿದೆ. 'ಒತ್ತು, ಬಿಡು, ಒತ್ತು' ಅನ್ನುತ್ತಾ ನಾನು ಕೆಳಗೆ ಕೂತೆ. ಪೆಡಲ್ ಗಟ್ಟಿಯಾಗಿಯೇ ಇದೆಯಂತೆ. ಅಂದರೆ ಲೈನಿನಲ್ಲಿ ಗಾಳಿ ಸೇರಿಲ್ಲ. ಒತ್ತಿದಾಗ ಒಳಗಿನ ಪ್ಯಾಡ್ ಡಿಸ್ಕಿಗೆ ಹೋಗಿ ಕೂರುತ್ತಿತ್ತು. ಹೊರಗಿನದು ಅಲ್ಲಾಡಲೇ ಇಲ್ಲ.

"ರೀ, ಎಷ್ಟು ಹೊತ್ತು ಒತ್ಕೊಂಡಿರ್ಲಿ? ಒಲೆ ಮೇಲೆ ಹಾಲಿದೆ."

ಹಾಲು ಉಕ್ಕುವುದರೊಳಗೆ ನೋಡಬೇಕಾದ್ದು ನೋಡಿಯಾಗಿತ್ತು.

ಈ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ, ಅದೂ ಒಳಬದಿಗೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಅಮುಕಬೇಕು. ಪಿನ್ನು ಜಾರದಿದ್ದರೆ ಹೊರಗಿನ ಪ್ಯಾಡಿಗೆ ಕೆಲಸವೇ ಇಲ್ಲ. ನಮ್ಮ ಗಾಡಿಯಲ್ಲಿ ಇದಕ್ಕೆ ಸಾಕ್ಷಿ ಎದುರಿಗೇ ಇತ್ತು. ಡಿಸ್ಕಿನ ಒಳಮೈ ಸ್ಟೀಲ್ ತಟ್ಟೆಯಂತೆ ಫಳಫಳ. ಹೊರಮೈಯಲ್ಲಿ ಬಳೆಯಗಲದ ಕೆಂಪು ತುಕ್ಕಿನ ಪಟ್ಟಿ. ಪ್ಯಾಡ್ ತೆಗೆದರೆ ಒಳಗಿನದು ಹೆಚ್ಚುಕಮ್ಮಿ ತಗಡಿನ ತನಕ ಸವೆದಿದೆ, ಹೊರಗಿನದು ನಿನ್ನೆ ತಂದ ಹಾಗಿದೆ.

ಮೇಲಿನ ಪಿನ್ನು ಬೆರಳಲ್ಲಿ ಎಳೆದರೆ ಬಂತು. ಕೆಳಗಿನದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅದರ ರಬ್ಬರ್ ಬೂಟು ಹರಿದಿತ್ತು. ಅಲ್ಲಿಂದ ನೀರು, ತೋಟದ ರಸ್ತೆಯ ಕೆಂಪು ಕೆಸರು ಎಲ್ಲ ಒಳಗೆ ಹೋಗಿ ಗ್ರೀಸನ್ನು ತೊಳೆದು ತುಕ್ಕು ಕಟ್ಟಿಸಿದೆ. ನಮ್ಮ ಶೆಡ್ಡಿನಲ್ಲಿ ಬಲಗಡೆಗೇ ಎರಚಲು ಹೊಡೆಯುವುದು. ಡಬ್ಲ್ಯೂಡಿ-40 ಹೊಡೆದು, ಕಾದು, ಇಕ್ಕಳದಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಚಿ ತಿರುಚಿ ಕೊನೆಗೂ ಹೊರಗೆ ತಂದೆ. ಪಿನ್ನಿನ ಮೈತುಂಬ ಗುಳಿ. ಉಜ್ಜಿ ಮತ್ತೆ ಹಾಕುವ ಸ್ಥಿತಿಯಲ್ಲಿ ಇರಲಿಲ್ಲ.

ಪಿಸ್ಟನ್ ಕೂಡ ಜಾಮ್ ಆಗಿದ್ದರೆ? ಅದನ್ನೂ ನೋಡಿಬಿಟ್ಟೆ. ಹಳೇ ಪ್ಯಾಡ್ ಅಡ್ಡ ಇಟ್ಟು ಜಿ-ಕ್ಲಾಂಪಿನಲ್ಲಿ ಮೆಲ್ಲಗೆ ಒತ್ತಿದೆ. ಬೆಣ್ಣೆಯ ಹಾಗೆ ಒಳಗೆ ಹೋಯಿತು. ಸದ್ಯ. ಹೀಗೆ ಒತ್ತುವಾಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೆ ಬರುತ್ತದೆ. ಉಕ್ಕಿ ಚೆಲ್ಲಿದರೆ ಪೇಂಟ್ ಎದ್ದುಹೋಗುತ್ತದೆ. ಮಗನನ್ನು ಅಲ್ಲಿ ಕಾವಲಿಗೆ ನಿಲ್ಲಿಸಿದ್ದೆ. ಬಿಚ್ಚಿದ ಕ್ಯಾಲಿಪರನ್ನು ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿಟ್ಟೆ. ಹೋಸಿಗೆ ಭಾರ ಬಿದ್ದು ಜೋತಾಡಬಾರದು. ಬೋಲ್ಟು, ಕ್ಲಿಪ್ಪು ಎಲ್ಲ ಅಡಿಕೆ ಹಾಳೆಯಲ್ಲಿ. ಹಾಳೆಯಷ್ಟು ಒಳ್ಳೆ ಟ್ರೇ ಯಾವ ಟೂಲ್ ಅಂಗಡಿಯಲ್ಲೂ ಸಿಗೋದಿಲ್ಲ.

ಕೈಯಲ್ಲಿ ಸನ್ನೆಕೋಲಿದ್ದಾಗಲೇ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಷ್‌ಗಳನ್ನೂ ಮೀಟಿ ನೋಡಿದೆ. ಅವು ಸವೆದಿದ್ದರೂ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು ಗಾಡಿ ಎಳೆಯುತ್ತದೆ. ಗಟ್ಟಿಯಾಗಿದ್ದವು.

ಆಗಸ್ಟ್ 5, ಮಂಗಳವಾರ

ನಿನ್ನೆ ಶಿವಮೊಗ್ಗಕ್ಕೆ ಹೋಗುವವರ ಹತ್ತಿರ ಸಾಮಾನು ತರಿಸಿದೆ. ಪಿನ್ನು-ಬೂಟಿನ ಕಿಟ್, ಬ್ರೇಕ್ ಕ್ಲೀನರ್, ಸಿಲಿಕಾನ್ ಗ್ರೀಸ್, ಮುಂದಿನ ಎರಡೂ ಚಕ್ರಕ್ಕೆ ಪ್ಯಾಡ್. ಎಡಗಡೆಯ ಪ್ಯಾಡ್ ಇನ್ನೂ ಸ್ವಲ್ಪ ದಿನ ಬರುತ್ತಿತ್ತು. ಆದರೆ ಒಂದು ಕಡೆ ಹಳೇದು ಇನ್ನೊಂದು ಕಡೆ ಹೊಸದು ಹಾಕಿದರೆ ಎರಡರ ಹಿಡಿತ ಬೇರೆ ಬೇರೆ ಆಗಿ ಮತ್ತೆ ಎಳೆತ ಶುರುವಾಗುತ್ತದೆ. ಜೋಡಿಯಾಗಿಯೇ ಬದಲಿಸಬೇಕು. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ಶಾಲೆ ಬಿಟ್ಟು ಬಂದು ಕೂತೆ. ಪಿನ್ನಿನ ತೂತಿನ ಒಳಗೆ ಕಡ್ಡಿಗೆ ಎಮರಿ ಪೇಪರ್ ಸುತ್ತಿ ಉಜ್ಜಿ, ಕ್ಲೀನರ್ ಹೊಡೆದು, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಒರೆಸಿದೆ. ಮೊನ್ನೆ ಹೊಡೆದ ಡಬ್ಲ್ಯೂಡಿ-40 ಒಂದು ಹನಿಯೂ ಉಳಿಯಬಾರದು. ಪ್ಯಾಡಿನ ಧೂಳನ್ನು ಗಾಳಿ ಹೊಡೆದು ಹಾರಿಸುವ ಚಾಳಿ ಹಲವು ಗ್ಯಾರೇಜುಗಳಲ್ಲಿದೆ. ಆ ಧೂಳು ನೇರ ಎದೆಗೇ ಹೋಗುವುದು. ಒದ್ದೆ ಮಾಡಿ ಒರೆಸಿದರೆ ಸಾಕು. ಹೊಸ ಪಿನ್ನಿಗೆ ತೆಳ್ಳಗೆ ಗ್ರೀಸ್ ಸವರಿ, ಹೊಸ ಬೂಟು ಹಾಕಿ ಕೂರಿಸಿದೆ. ಇಲ್ಲಿ ಮಾಮೂಲಿ ಚಾಸಿಸ್ ಗ್ರೀಸ್ ಹಾಕಲೇಬಾರದು. ಪೆಟ್ರೋಲಿಯಂ ಗ್ರೀಸ್ ಈ ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದ ರಬ್ಬರ್ ಪಿನ್ನನ್ನು ಕಚ್ಚಿಕೊಂಡರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಡಿಸ್ಕ್ ಹೊರಮೈಯ ತುಕ್ಕು ಮೇಲು ಮೇಲಿನದೇ, ಎಮರಿಗೆ ಹೋಯಿತು.

ಎಡಗಡೆಯೂ ಬಿಚ್ಚಿ ಅದರ ಪಿನ್ನುಗಳಿಗೂ ಗ್ರೀಸ್ ಹಾಕಿ ಪ್ಯಾಡ್ ಬದಲಿಸಿದೆ. ಅಲ್ಲಿ ಹೇಳುವಂಥದ್ದೇನೂ ಇರಲಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಒಳಗೆ ತಳ್ಳಿದ ಪಿಸ್ಟನ್ ಹೊರಗೆ ಬರಬೇಕಲ್ಲ. ಗಾಡಿ ನಿಂತಲ್ಲೇ ಇದ್ದಾಗ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಬೇಕು. ಅದನ್ನು ಮರೆತು ರಿವರ್ಸ್ ತೆಗೆದವರು ಕಾಂಪೌಂಡಿಗೆ ಹೋಗಿ ಗುದ್ದುತ್ತಾರೆ.

ಮೇಗರವಳ್ಳಿ ಕಡೆಗೆ ಹೊರಟೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ಐವತ್ತರಿಂದ ಹದಿನೈದಕ್ಕೆ ಹದವಾಗಿ ಇಳಿಸುವುದು, ಆರಲು ಬಿಡುವುದು, ಮತ್ತೆ ಇಳಿಸುವುದು. ಪೂರ್ತಿ ನಿಲ್ಲಿಸಿ ಒತ್ತಿ ಹಿಡಿಯಬಾರದು. ಹಿಂದೆ ಬರುತ್ತಿದ್ದ ಪಿಕಪ್‌ನವನು ತಲೆ ಕೆಟ್ಟು ಹಾರ್ನ್ ಹೊಡೆದು ಮುಂದೆ ಹೋದ. ವಾಪಸ್ ಬರುವಾಗ ಖಾಲಿ ನೇರ ರಸ್ತೆಯಲ್ಲಿ ಜೋರಾಗಿ ಒತ್ತಿದೆ. ಗಾಡಿ ಮೂಗು ತಗ್ಗಿಸಿ ನೆಟ್ಟಗೆ ನಿಂತಿತು. ಮನೆಗೆ ಬಂದು ಕೈ ಹಿಡಿದರೆ ಎರಡೂ ಚಕ್ರ ಸಮಸಮ ಬಿಸಿ.

ಬ್ರೇಕ್ ಆಯಿಲ್ ಬದಲಿಸುವುದೊಂದು ಬಾಕಿ. ಅದು ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುವ ವಸ್ತು. ಹೊಸ ಡಾಟ್ 3 ದರ್ಜೆಯ ಆಯಿಲ್ ಕಡಿಮೆಯೆಂದರೂ 205 ಡಿಗ್ರಿ ತನಕ ಕುದಿಯಬಾರದು ಅಂತ ಮಾನದಂಡ ಇದೆ. ನೀರು ಸೇರಿದ್ದಕ್ಕೆ ಅದೇ ಲೆಕ್ಕ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಆಯಿಲ್ ಕುದಿದು, ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ. ನಮ್ಮದರಲ್ಲಿರುವ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದೆ. ಮೆಕ್ಯಾನಿಕ್ ನಾಳೆ ಸಂಜೆ ಬಂದು ಹಳೇದನ್ನು ಹೊರಗೆ ಬಿಟ್ಟು ಬ್ಲೀಡ್ ಮಾಡಿಕೊಡುತ್ತೇನೆ ಅಂದಿದ್ದಾರೆ. "ಹೊಸ ಆಯಿಲ್ ಡಬ್ಬಿಯ ಸೀಲ್ ಮಾತ್ರ ಈಗ್ಲೇ ಒಡೀಬೇಡಿ ಮೇಷ್ಟ್ರೇ, ಈ ಮಳೆಗೆ ಅದೂ ನೀರು ಕುಡೀತದೆ" ಅಂತ ಎರಡೆರಡು ಸಲ ಹೇಳಿ ಫೋನ್ ಇಟ್ಟರು.