ನೋವೇ ತಿಳಿಯದ ಕಾಲಿಗೆ ಇಷ್ಟು ಜೋಪಾನವೇಕೆ?

“ನಿನಗೆ ಕಾಲಲ್ಲಿ ನೋವೇ ಗೊತ್ತಾಗಲ್ವಲ್ಲೋ, ಒಂದು ತರಚು ಗಾಯಕ್ಕೆ ಯಾಕಿಷ್ಟು ಗಾಬರಿ?”

ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ಆಶ್ವಯುಜದ ದಿನಗಳಲ್ಲಿ ನಮ್ಮ ಮನೆ ನೆಂಟರಿಂದ ತುಂಬಿರುತ್ತದೆ. ದರ್ಶನ ಮುಗಿಸಿ ಬಂದು ಕಾಫಿಗೆ ಕುಳಿತವರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳದೆ ಏಳುವುದಿಲ್ಲ. ಹಿರಿಯರೆಂದು ಇಷ್ಟು ವರ್ಷ ತಾಳ್ಮೆಯಿಂದ ವಿವರಿಸಿದ್ದೇನೆ. ಈಗ ಆ ತಾಳ್ಮೆ ಉಳಿದಿಲ್ಲ. ಗಾಯವನ್ನು ಅಳೆಯಲು ನೋವನ್ನೇ ಅಳತೆಗೋಲು ಮಾಡಿಕೊಂಡಿರುವುದು ಈ ಪ್ರಶ್ನೆಯ ತಪ್ಪು.

ಸಕಲೇಶಪುರದ ತೋಟವೊಂದರಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ಎದೆಭಾಗದ ಹತ್ತನೆಯ ಕಶೇರುಕದ ಮಟ್ಟದಲ್ಲಿ ನನ್ನ ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಹೊಕ್ಕುಳ ಕೆಳಗೆ ಸ್ಪರ್ಶವಿಲ್ಲ. ಆದರೆ ಅಲ್ಲಿಯ ಚರ್ಮ, ರಕ್ತ, ಮೂಳೆ ಎಲ್ಲವೂ ನಿಮ್ಮವುಗಳಂತೆಯೇ ಗಾಯಗೊಳ್ಳುತ್ತವೆ. ಆ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ ಅಷ್ಟೆ. ಮೇಲಾಗಿ, ಭಾರ ಹೊರದ ಕಾಲಿನ ಮೂಳೆಗಳು ವರ್ಷಗಳು ಕಳೆದಂತೆ ಟೊಳ್ಳಾಗುತ್ತವೆ.

ಒಮ್ಮೆ ಮೂತ್ರದ ಸೋಂಕಿನಿಂದ ಜ್ವರ ಬಂದು ಆಸ್ಪತ್ರೆಗೆ ಹೋದಾಗ ಹೊಟ್ಟೆಯ ಎಕ್ಸ್‌ರೇ ತೆಗೆಸಲು ಹೇಳಿದರು. ಮೇಜು ನನ್ನ ಗಾಲಿಕುರ್ಚಿಗಿಂತ ಒಂದು ಮೊಳ ಎತ್ತರವಿತ್ತು, ತಗ್ಗಿಸಲು ಬರುತ್ತಿರಲಿಲ್ಲ. ಇಬ್ಬರು ಸಹಾಯಕರು ಬಂದರು. ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಎರಡೂ ಕಾಲಿನ ಹರಡುಗಳನ್ನು ಒಟ್ಟಿಗೆ ಹಿಡಿದ. “ಹಾಗಲ್ಲ, ತೊಡೆಯ ಕೆಳಗೆ ಹಿಡಿಯಿರಿ” ಎಂದೆ. “ನೋವಾಗಲ್ವಲ್ಲ ಸಾರ್, ಒಂದೇ ನಿಮಿಷ” ಎಂದು ಎತ್ತಿಯೇ ಬಿಟ್ಟರು. ಬಲಗಾಲು ಕೈಜಾರಿ, ಪಾದ ಕುರ್ಚಿಯ ಕಾಲುಮಣೆಗೆ ಸಿಕ್ಕಿಕೊಂಡು ತಿರುಚಿತು. ನನಗೆ ತಿಳಿಯಲಿಲ್ಲ, ಅವರು ನೋಡಲಿಲ್ಲ.

ಒತ್ತಡದಿಂದ ಎಲ್ಲಾದರೂ ಹುಣ್ಣಾಗುತ್ತಿದೆಯೇ ಎಂದು ರಾತ್ರಿ ಮೈ ಪರೀಕ್ಷಿಸುವುದು ನಮ್ಮ ಮನೆಯ ದಿನಚರಿ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದ ಕಾರಣ, ನನ್ನ ಹೆಂಡತಿ ಟಾರ್ಚ್ ಹಿಡಿದು ಕಪ್ಪಾದ ಜಾಗವನ್ನು ಹುಡುಕಿ, ಅಲ್ಲಿಗೆ ಅಂಗೈಯ ಹಿಂಬದಿಯನ್ನು ತಾಗಿಸಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ನೋಡುತ್ತಾಳೆ. ಅಂದು ಮೊಣಕಾಲಿನ ಕೆಳಗೆ ಅವಳ ಕೈ ನಿಂತಿತು. ಕಾಲು ಊದಿ ಬಿಸಿಯಾಗಿತ್ತು, ಎಂದಿಗಿಂತ ಹೆಚ್ಚು ಸೆಟೆದುಕೊಳ್ಳುತ್ತಿತ್ತು. ಮರುದಿನದ ಎಕ್ಸ್‌ರೇಯಲ್ಲಿ ಮೂಳೆ ಮುರಿದಿರುವುದು ಗೊತ್ತಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸ್ಪರ್ಶವಿಲ್ಲದ ಕಾಲಿಗೆ ಪಟ್ಟು ಹಾಕುವಾಗ ಒಳಗೆ ಮೆತ್ತೆ ಹೆಚ್ಚು ಹಾಕಬೇಕು, ಆಗಾಗ ಬಿಚ್ಚಿ ಚರ್ಮ ನೋಡುವಂತಿರಬೇಕು. ನನಗೆ ಹಾಕಿದ್ದು ಎಲ್ಲರಿಗೂ ಹಾಕುವ ಬಿಗಿಯಾದ ಪ್ಲಾಸ್ಟರ್. ಎಂಟು ದಿನಗಳ ನಂತರ ವಾಸನೆ ಬಂದಿತೆಂದು ಬಿಚ್ಚಿಸಿದರೆ ಹಿಮ್ಮಡಿಯಲ್ಲಿ ರೂಪಾಯಿಯಗಲದ ಹುಣ್ಣು. ಮೂಳೆ ಮೂರು ತಿಂಗಳಲ್ಲಿ ಕೂಡಿತು. ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ನನ್ನ ಸಂಪಾದನೆ ನಿಂತಿತ್ತು. ನೋವಿಲ್ಲದ ಗಾಯದ ಲೆಕ್ಕ ಇದು.

ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳೂ ನಮಗೆ ಅಡೆತಡೆಯಿಲ್ಲದೆ ದೊರಕುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಬಾಗಿಲಲ್ಲಿ ಇಳಿಜಾರು ಕಟ್ಟಿದರೆ ಸಾಲದು; ಎಕ್ಸ್‌ರೇ ಮೇಜೂ ಆಸ್ಪತ್ರೆಯ ಒಂದು ಭಾಗವೇ.

ನನಗೆ ಯಾರೂ ಕೇಳದ, ಆದರೆ ನಾನು ಬಹಳ ದಿನದಿಂದ ಕಾಯುತ್ತಿರುವ ಪ್ರಶ್ನೆಯೊಂದಿದೆ: “ನಿಮ್ಮನ್ನು ಹೇಗೆ ಎತ್ತಬೇಕು?” ಮೊದಲು ಕುರ್ಚಿಯ ಬ್ರೇಕ್ ಹಾಕಿ, ಕಾಲುಮಣೆಯನ್ನು ಪಕ್ಕಕ್ಕೆ ಸರಿಸಿ. ಒಬ್ಬರು ಹಿಂದಿನಿಂದ ಕಂಕುಳ ಕೆಳಗೆ ಕೈ ತೂರಿಸಿ, ನಾನು ಕಟ್ಟಿಕೊಂಡ ನನ್ನ ಮುಂಗೈಗಳನ್ನು ಹಿಡಿಯಲಿ. ಇನ್ನೊಬ್ಬರು ತೊಡೆ ಮತ್ತು ಮೊಣಕಾಲಿನ ಅಡಿಯಲ್ಲಿ ಹಿಡಿಯಲಿ. ಮೂರು ಎಣಿಸುವುದು ನಾನು, ನೀವಲ್ಲ. ಎಳೆಯಬೇಡಿ, ಎತ್ತಿ. ಇಳಿಸಿದ ಮೇಲೆ ನನ್ನ ಪಾದಗಳು ಎಲ್ಲಿವೆ ಎಂದು ಒಮ್ಮೆ ಬಗ್ಗಿ ನೋಡಿ. ಅದು ನನಗೆ ಗೊತ್ತಾಗುವುದಿಲ್ಲ.